ಔಷಧದ ಡಬ್ಬಿಯೊಳಗಿನ ಕಾಗದ

ಖಡಕಿ ಬಜಾರ್, ಪುಣೆ
18 ಆಗಸ್ಟ್ 2024

ಚಿ. ಶಾಲಿನಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲಿ ಬರೆಯುವುದು ರೂಢಿ. ನಾನು ಮುಕ್ಕಾಲು ಕ್ಷೇಮ ಎಂದು ಬರೆಯುತ್ತೇನೆ. ಉಳಿದ ಕಾಲು ಭಾಗ ಢೋಲಿನವರ ಪಾಲಾಗಿದೆ. ಗಣಪತಿ ಹಬ್ಬಕ್ಕೆ ಇನ್ನೂ ಮೂರು ವಾರ ಇದೆ, ಆಗಲೇ ನಮ್ಮ ಓಣಿಯ ಹುಡುಗ ಹುಡುಗಿಯರು ಸಂಜೆ ಆರಾಯಿತೆಂದರೆ ಸೊಂಟಕ್ಕೆ ಢೋಲು ಕಟ್ಟಿಕೊಂಡು ತಾಲೀಮು ಶುರು ಮಾಡುತ್ತಾರೆ. ಕಿಟಕಿಯ ಗಾಜು ನಡುಗುತ್ತದೆ. ನಿನ್ನ ಮಗಳು ನೀಲಾ ಕಿವಿ ಮುಚ್ಚಿಕೊಂಡು ಮನೆಯೆಲ್ಲ ಸುತ್ತುತ್ತಾಳೆ. ಅವಳಿಗೆ ಸ್ವಲ್ಪ ಸಿಟ್ಟು ಜಾಸ್ತಿಯಾಗಿದೆ, ಈ ಗದ್ದಲದಲ್ಲಿ ಯಾರಿಗೆ ಬರುವುದಿಲ್ಲ ಹೇಳು.

ನೀನು ಗೆರೆ ಎಳೆದು ಕೊಟ್ಟು ಹೋದ ರಿಜಿಸ್ಟರನ್ನು ದಿನವೂ ತುಂಬುತ್ತಿದ್ದೇನೆ. ದಿನಾಂಕ, ಫಿಟ್ಸ್ ಬಂತೇ, ಎಷ್ಟು ನಿಮಿಷ, ಹೀಗೆ ಮೂರು ಕಾಲಂ. ಮೂವತ್ತೊಂದು ದಿನದಿಂದ ಬರೀ ‘ಇಲ್ಲ’. ಮದ್ದುಗುಂಡಿನ ಫ್ಯಾಕ್ಟರಿಯಲ್ಲಿ ಮೂವತ್ತನಾಲ್ಕು ವರ್ಷ ಎಕ್ಸಾಮಿನರ್ ಆಗಿ ಲಾಟುಗಟ್ಟಲೆ ಮಾಲು ಪಾಸು ಮಾಡಿದವನಿಗೆ ಮೂರು ಕಾಲಂ ಏನು ಮಹಾ. ಸಿರಪ್ಪನ್ನು ಸಿರಿಂಜಿನಲ್ಲಿ ಅಳೆದು ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ ಕೊಡುತ್ತೇನೆ. ಐದು ನಿಮಿಷ ಹೆಚ್ಚುಕಡಿಮೆ ಆದರೆ ಹುಲಿಗೆವ್ವ ನನ್ನನ್ನೇ ಬೈಯುತ್ತಾಳೆ. ಹಗಲೆಲ್ಲ ಮಗುವನ್ನು ನೋಡಿಕೊಳ್ಳಲು ನೀನು ಗೊತ್ತು ಮಾಡಿದ್ದು ಒಳ್ಳೆಯ ಹೆಣ್ಣುಮಗಳನ್ನೇ. ಗಂಡ ಕಟ್ಟಡದ ಕೆಲಸಕ್ಕೆ ಮಗರಪಟ್ಟಾಕ್ಕೆ ಹೋಗುತ್ತಾನೆ, ಇವಳು ನಮ್ಮ ಮನೆಯಲ್ಲಿ ರಾಯಚೂರು ಸೀಮೆಯ ಕಾರುಬಾರು ನಡೆಸುತ್ತಾಳೆ.

ಆಟಿಸಂ ಇರುವ ಮಕ್ಕಳಲ್ಲಿ ಕೆಲವರಿಗೆ ಫಿಟ್ಸೂ ಬರುತ್ತದೆ ಎಂದು ಡಾಕ್ಟರ್ ಮೇಡಂ ಹೇಳಿದ ದಿನ ನೀನು ನರ್ಸಿನಂತೆ ತಲೆ ಅಲ್ಲಾಡಿಸಿದೆ. ನನಗೆ ಮಾತ್ರ, ಒಂಬತ್ತು ವರ್ಷಕ್ಕೆ ನಾಲ್ಕು ಮಾತು ಕಲಿತ ಕೂಸಿನ ಮೇಲೆ ದೇವರು ಇನ್ನೂ ಎಷ್ಟು ಹೊರಿಸುತ್ತಾನೆ ಅನ್ನಿಸಿತ್ತು. ಈಗ ಫಿಟ್ಸ್ ನಿಂತಿದೆ. ನೀನು ನಿಶ್ಚಿಂತೆಯಿಂದ ನಿನ್ನ ಸೈನಿಕರನ್ನು ನೋಡಿಕೋ. ನಾನಿದ್ದೇನೆ.

ನಿನ್ನ ಅಪ್ಪ,
ಸಿದ್ದಲಿಂಗಪ್ಪ

---

ಸೇನಾ ಅಂಚೆಯ ಮೂಲಕ
1 ಸೆಪ್ಟೆಂಬರ್ 2024

ತೀರ್ಥರೂಪ ಅಪ್ಪಾಜಿಯವರಿಗೆ ಶಾಲಿನಿಯ ನಮಸ್ಕಾರಗಳು.

ಪತ್ರ ಹನ್ನೆರಡು ದಿನಕ್ಕೆ ಬಂತು. ಇಲ್ಲಿ ಫೋನ್ ಹತ್ತಿದರೆ ಪುಣ್ಯ, ಹತ್ತಿದರೂ ನೀವು ‘ಎಲ್ಲಾ ಆರಾಮ’ ಅನ್ನುವಷ್ಟರಲ್ಲಿ ಹೋಗುತ್ತದೆ. ಪತ್ರವಾದರೆ ಎರಡು ಸಲ ಓದಬಹುದು.

ಮೂವತ್ತೊಂದು ದಿನ! ನಮ್ಮ ವಾರ್ಡಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ಡೋಸು ಮಾತ್ರ ಯಾವ ಕಾರಣಕ್ಕೂ ತಪ್ಪಬಾರದು ಅಪ್ಪಾಜಿ. ಜ್ವರ ಬಂದರೂ, ವಾಂತಿಯಾದರೂ, ಹಬ್ಬವಿದ್ದರೂ. ಯಾರಾದರೂ ಏನಾದರೂ ಹೇಳಿದರು ಅಂತ ನಿಲ್ಲಿಸಬೇಡಿ. ಈ ಔಷಧ ಒಮ್ಮೆಲೇ ನಿಂತರೆ ಫಿಟ್ಸ್ ತಿರುಗಿ ಬರುವುದು ಮೊದಲಿನಂತೆ ಅಲ್ಲ, ದುಪ್ಪಟ್ಟಾಗಿ.

ಢೋಲಿನ ಸದ್ದಿಗೆ ಅವಳ ಕಿವಿಗೆ ಹತ್ತಿ ಉಂಡೆ ಇಡಿ. ನೀಲಾ ನಗುತ್ತಾಳೆಯೇ?

ನಿಮ್ಮ ಮಗಳು,
ಶಾಲಿನಿ

---

ಖಡಕಿ ಬಜಾರ್
22 ಸೆಪ್ಟೆಂಬರ್ 2024

ಚಿ. ಶಾಲಿನಿಗೆ ಆಶೀರ್ವಾದಗಳು.

ಗಣಪತಿ ನೀರಿಗೆ ಹೋದ. ಐದು ದಿನದಿಂದ ಓಣಿಯಲ್ಲಿ ಸದ್ದಿಲ್ಲ.

ಒಂಬತ್ತನೇ ತಾರೀಖು ಬೆಳಿಗ್ಗೆ ನೀಲಾಗೆ ಫಿಟ್ಸ್ ಬಂತು. ಒಂದೂವರೆ ನಿಮಿಷ. ಪಕ್ಕಕ್ಕೆ ಮಲಗಿಸಿದೆ, ಬಾಯಿಗೆ ಏನೂ ಹಾಕಲಿಲ್ಲ, ಗಡಿಯಾರ ನೋಡಿದೆ. ನೀನು ಹೇಳಿಕೊಟ್ಟ ಪ್ರಕಾರ ಎಲ್ಲ ಮಾಡಿ, ಅವಳು ಮಲಗಿದ ಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಅದಕ್ಕೆ ಕಾಲಂ ಇಲ್ಲ, ಆದ್ದರಿಂದ ನಿನಗೆ ಬರೆಯುತ್ತಿದ್ದೇನೆ.

ಮರುದಿನ ದವಾಖಾನೆಗೆ ಹೋದೆವು. ಡಾಕ್ಟರ್ ಮೇಡಂ ರಿಜಿಸ್ಟರ್ ನೋಡಿ ಭೇಷ್ ಅಂದರು. ಐವತ್ತಮೂರು ದಿನಕ್ಕೆ ಒಂದೇ ಸಲ. ಇನ್ನು ಸ್ವಲ್ಪ ಏರಿಸಿದರೆ ಅದೂ ನಿಲ್ಲಬಹುದು ಎಂದು ಡೋಸು ಹೆಚ್ಚು ಮಾಡಿದರು. ಅದನ್ನು ಬರೆಯುವ ಮೊದಲು ಪೆನ್ನು ಕೆಳಗಿಟ್ಟು, “ಬಾಕೀ ಕಸಂ ಆಹೇ, ಆಜೋಬಾ? ವಾಗಣಂ, ಝೋಪ್?” ಎಂದು ನಡವಳಿಕೆ, ನಿದ್ದೆ ಎಲ್ಲ ವಿಚಾರಿಸಿದರು. ನಾನು “ಸಗಳಂ ಠೀಕ್”, ಎಲ್ಲ ಸರಿಯಾಗಿದೆ ಅಂದೆ. ಒಳ್ಳೆಯ ಹೆಂಗಸು, ನನ್ನ ಎಡಗೈಗೆ ಕಟ್ಟಿದ ಪಟ್ಟಿ ಯಾಕೆಂದೂ ಕೇಳಿದರು. ಬಾಗಿಲಿಗೆ ಸಿಕ್ಕಿತು ಅಂದೆ.

ಹುಲಿಗೆವ್ವ ಎರಡು ದಿನ ಬರಲಿಲ್ಲ. ಮೈಗೆ ಹುಷಾರಿರಲಿಲ್ಲ. ಈಗ ಬರುತ್ತಿದ್ದಾಳೆ, ಉದ್ದ ತೋಳಿನ ಕುಪ್ಪಸ ಹಾಕಿಕೊಂಡು.

ಮಿಕ್ಕಂತೆ ವಿಶೇಷವೇನೂ ಇಲ್ಲ. ನಿನಗೆ ಥಂಡಿ ಹೇಗಿದೆ?

ನಿನ್ನ ಅಪ್ಪ

---

ಸೇನಾ ಅಂಚೆಯ ಮೂಲಕ
6 ಅಕ್ಟೋಬರ್ 2024

ಅಪ್ಪಾಜಿಯವರಿಗೆ ನಮಸ್ಕಾರಗಳು.

ಡೋಸು ಏರಿಸಿದ್ದು ಸರಿಯಾಯಿತು. ನೀವು ಆ ಒಂದೂವರೆ ನಿಮಿಷ ನಿಭಾಯಿಸಿದ ರೀತಿಗೆ ನನ್ನ ಕೈಕೆಳಗಿನ ಹುಡುಗಿಯರಿಗಿಂತ ಹೆಚ್ಚು ಮಾರ್ಕು ಕೊಡುತ್ತೇನೆ. ಬಚ್ಚಲಿನ ಮಾತು ಓದಿ ನಾನೂ ಇಲ್ಲಿ ಹೊರಗೆ ಹೋಗಿ ನಿಂತು ಬಂದೆ.

ಸೆಪ್ಟೆಂಬರಿನಲ್ಲಿ ಸೆಖೆ ಇರುವಾಗ ಹುಲಿಗೆವ್ವ ಉದ್ದ ತೋಳು ಯಾಕೆ ಹಾಕುತ್ತಾಳೆ? ನೀಲಾ ನಗುತ್ತಾಳೆಯೇ ಎಂದು ಕೇಳಿದ್ದೆ, ನೀವು ಉತ್ತರಿಸಲಿಲ್ಲ. ಮರೆತಿರಬಹುದು.

ಶಾಲಿನಿ

---

ಖಡಕಿ ಬಜಾರ್
24 ಅಕ್ಟೋಬರ್ 2024

ಶಾಲಿನಿ,

ನೀನು ಇಟ್ಟು ಹೋದ ಸಿರಪ್ ಮುಗಿಯಿತು. ಡೋಸು ಹೆಚ್ಚಾದ ಮೇಲೆ ಬೇಗ ಖಾಲಿಯಾಯಿತು. ನಿನ್ನೆ ಸ್ಟೇಷನ್ ಹತ್ತಿರದ ಮೆಡಿಕಲ್ಲಿನಿಂದ ಅದೇ ಹೆಸರಿನ ಹೊಸ ಡಬ್ಬಿ ತಂದೆ. ಒಡೆದರೆ ಬಾಟಲಿಯ ಜೊತೆ ಒಂದು ಕಾಗದ ಬಿತ್ತು. ನೀನು ಕೊಟ್ಟ ಒಂದು ಡಬ್ಬಿಯಲ್ಲೂ ಆ ಕಾಗದ ಇರಲಿಲ್ಲ. ಎಲ್ಲ ಡಬ್ಬಿಯ ಬಾಯಿ ಒಮ್ಮೆ ತೆರೆದು ಮತ್ತೆ ನೀಟಾಗಿ ಮುಚ್ಚಿತ್ತು. ಎಕ್ಸಾಮಿನರ್ ಆಗಿದ್ದವನು ಅದನ್ನು ಅವತ್ತೇ ನೋಡಬೇಕಿತ್ತು. ಮಗಳ ಲಾಟು ಅಂತ ಪರೀಕ್ಷೆ ಮಾಡದೆ ಪಾಸು ಮಾಡಿದೆ.

ಭೂತಗನ್ನಡಿ ಹಿಡಿದು ಪೂರ್ತಿ ಓದಿದೆ. ಸಿಟ್ಟು. ಮೈಮೇಲೆ ಬೀಳುವುದು. ಕಾರಣವಿಲ್ಲದ ಅಳು. ನಿದ್ದೆ ಕೆಡುವುದು. ಮಕ್ಕಳಲ್ಲಿ ಹೆಚ್ಚು, ಮೊದಲೇ ನಡವಳಿಕೆಯ ತೊಂದರೆ ಇರುವ ಮಕ್ಕಳಲ್ಲಿ ಇನ್ನೂ ಎಚ್ಚರ ಬೇಕು ಎಂದು ಅಚ್ಚು ಹಾಕಿದ್ದಾರೆ.

ಈಗ ನಾನು ಮುಚ್ಚಿಟ್ಟದ್ದನ್ನು ಕೇಳು. ಜುಲೈನಿಂದ ಅವಳು ಕಚ್ಚುತ್ತಾಳೆ. ಮೊದಲು ವಾರಕ್ಕೊಮ್ಮೆ, ಈಗ ದಿನಕ್ಕೆ ನಾಲ್ಕೈದು ಸಲ. ಹುಲಿಗೆವ್ವನ ತೋಳಿನ ಮೇಲೆ ಎಂಟು ಗುರುತು ಇವೆ. ನನ್ನ ಕೈ ಬಾಗಿಲಿಗೆ ಸಿಕ್ಕಿದ್ದಲ್ಲ. ತನ್ನ ಕೈಯನ್ನೂ ಕಚ್ಚಿಕೊಳ್ಳುತ್ತಾಳೆ, ಗೋಡೆಗೆ ತಲೆ ಹೊಡೆದುಕೊಳ್ಳುತ್ತಾಳೆ, ಆಮೇಲೆ ಯಾಕೆ ಹೀಗಾಯಿತು ಅನ್ನುವ ಹಾಗೆ ನಮ್ಮ ಮುಖ ನೋಡುತ್ತಾ ಅಳುತ್ತಾಳೆ. ಅದನ್ನು ನೋಡಲಾಗುವುದಿಲ್ಲ ಶಾಲಿನಿ. ನಾನು ಢೋಲು ಅಂದುಕೊಂಡೆ. ಢೋಲು ಹೋದ ಮೇಲೆ ಆಟಿಸಂ ಅಂದುಕೊಂಡೆ, ದೊಡ್ಡವಳಾಗುತ್ತಿದ್ದಾಳೆ, ಹೀಗೇ ಇರಬೇಕು ಎಂದು. ಹುಲಿಗೆವ್ವ ಮಾತ್ರ ದಸರೆಯ ಹೊತ್ತಿಗೇ ಹೇಳಿದ್ದಳು: “ಯಜ್ಜಾ, ಇದು ಕೂಸಿನ ಸಿಟ್ಟಲ್ರೀ. ಔಷಧದ ಅಳತಿ ಹೆಚ್ಚು ಮಾಡಿದಾಗಿಂದ ಹಿಂಗ ಆಗ್ಯಾಳ. ಒಳಗ ಯಾರೋ ಕೂತು ತಿವಿದಂಗ ಮಾಡ್ತೈತಿ ಅಕೀಗೆ.” ನಿನ್ನಂಥ ನರ್ಸು ಹೇಳದ್ದನ್ನು ಇವಳೇನು ಹೇಳುವುದು ಎಂದು ಸುಮ್ಮನಾಗಿಸಿದೆ.

ನಿನಗೆ ಯಾಕೆ ಬರೆಯಲಿಲ್ಲ ಎಂದರೆ, ಬರೆದಿದ್ದರೆ ನೀನು ಕೆಲಸ ಬಿಟ್ಟು ಬರುತ್ತಿದ್ದೆ, ಇಲ್ಲವೇ ಅವಳನ್ನು ಎಲ್ಲಾದರೂ ಹಾಸ್ಟೆಲ್ ಶಾಲೆಗೆ ಹಾಕುತ್ತಿದ್ದೆ. ನಾನಿದ್ದೇನೆ ಎಂದು ಮೀಸೆ ತಿರುವಿದ್ದೆನಲ್ಲ. ಡಾಕ್ಟರಿಗೂ ಹೇಳಲಿಲ್ಲ. ಮನೆಯ ಮಾತು ಹೊರಗೆ ಯಾಕೆ ಅನ್ನಿಸಿತು. ನಾನು ಠೀಕ್ ಅಂದದ್ದಕ್ಕೇ ಅವರು ಡೋಸು ಏರಿಸಿದರು.

ಈ ತಿಂಗಳು ಒಂದು ಬೆಳಿಗ್ಗೆ ಲಿಂಗಪೂಜೆಗೆ ಕೂತಿದ್ದೆ. ಅವಳು ಬಂದು ಎಡಗೈ ಕಚ್ಚಿದಳು. ಅಂಗೈಯಲ್ಲಿದ್ದ ಲಿಂಗ ನೆಲಕ್ಕೆ ಬಿತ್ತು. ಲಿಂಗ ಬಿದ್ದರೆ ಪ್ರಾಣವೇ ಬಿದ್ದಂತೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮುಂದಿನದನ್ನು ಬರೆಯುವುದಿಲ್ಲ.

ಇಂದು ಸಂಜೆ ಸಿರಿಂಜು ಹಿಡಿದು ಅರ್ಧ ತಾಸು ಕೂತಿದ್ದೆ. ಕೊಟ್ಟೆ. ನಾಳೆ ಏನು ಮಾಡುತ್ತೇನೋ ಗೊತ್ತಿಲ್ಲ. ಆ ಕಾಗದಗಳನ್ನು ನೀನೇ ತೆಗೆದೆಯಾ?

ಸಿದ್ದಲಿಂಗಪ್ಪ

---

ಸೇನಾ ಅಂಚೆಯ ಮೂಲಕ
3 ನವೆಂಬರ್ 2024

ಅಪ್ಪಾಜಿ,

ನಿಮ್ಮ ಪತ್ರ ನಿನ್ನೆ ಬಂತು. ನಿನ್ನೆಯಿಂದ ಹನ್ನೆರಡು ಸಲ ಫೋನ್ ಮಾಡಿದೆ. ಹದಿಮೂರನೆಯ ಸಲ ಹುಲಿಗೆವ್ವ ಎತ್ತಿ, “ಅಜ್ಜಾರು ಔಷಧ ಕೊಡಾಕತ್ತಾರ್ರೀ ಮೇಡಂ” ಅಂದಳು, ಲೈನು ಹೋಯಿತು. ಅಷ್ಟು ಸಾಕಾಯಿತು. 

ಹೌದು, ನಾನೇ ತೆಗೆದೆ. ಹೊರಡುವ ಹಿಂದಿನ ದಿನ ಏಳೂ ಡಬ್ಬಿಯಿಂದ ತೆಗೆದು, ಹರಿದು, ಸ್ಟೇಷನ್ನಿನ ಕಸದ ಬುಟ್ಟಿಗೆ ಹಾಕಿದೆ. ಕಾರಣ ನಿಮಗೆ ಗೊತ್ತಿದೆ. ಅವ್ವನ ಬಿ.ಪಿ. ಮಾತ್ರೆಯ ಡಬ್ಬಿಯಲ್ಲೂ ಇಂಥದೇ ಕಾಗದ ಇತ್ತು. ಕಿಡ್ನಿಗೆ ತೊಂದರೆ ಆಗಬಹುದು ಎಂದು ಓದಿ ನೀವು ಮಾತ್ರೆ ನಿಲ್ಲಿಸಿದಿರಿ. ಯಾರನ್ನೂ ಕೇಳಲಿಲ್ಲ. ಇಪ್ಪತ್ತನೆಯ ದಿನ ಅವ್ವ ಅಡಿಗೆಮನೆಯಲ್ಲಿ ಬಿದ್ದಳು, ಮತ್ತೆ ಏಳಲಿಲ್ಲ. ನಾನಾಗ ಟ್ರೇನಿಂಗಿನಲ್ಲಿದ್ದೆ. ಹದಿನಾಲ್ಕು ವರ್ಷದಿಂದ ನಾವಿಬ್ಬರೂ ಈ ಮಾತು ಆಡಿಲ್ಲ, ಪತ್ರದಲ್ಲೂ ಬರೆದಿಲ್ಲ. ನೀಲಾಳ ಸಿರಪ್ಪನ್ನು ನೀವು ನಿಲ್ಲಿಸಿಬಿಡುತ್ತೀರಿ ಎಂಬ ಹೆದರಿಕೆಗೆ ನಾನು ನಿಮ್ಮಿಂದ ಮುಚ್ಚಿಟ್ಟೆ.

ಸಿಟ್ಟು ಬರಬಹುದೆಂದು ನನಗೆ ಗೊತ್ತಿತ್ತು. ಡಾಕ್ಟರು ನನಗೆ ಹೇಳಿದ್ದರು, ಹಾಗಾದರೆ ತಕ್ಷಣ ತಿಳಿಸಿ, ಬೇರೆ ಔಷಧ ಇದೆ ಅಂದಿದ್ದರು. ನಾನು ಮನೆಗೆ ಬಂದು ನಿಮಗೆ ಮೂರು ಕಾಲಂ ಗೆರೆ ಎಳೆದುಕೊಟ್ಟೆ. ನಾಲ್ಕನೆಯದು ಎಳೆಯಲಿಲ್ಲ. ‘ನಗುತ್ತಾಳೆಯೇ’ ಎಂದು ಕೇಳಿದರೆ ನೀವಾಗಿಯೇ ಹೇಳುತ್ತೀರಿ ಅಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ನನ್ನದು. ನನ್ನ ಮಗಳು ಮೂರು ತಿಂಗಳು ಒಳಗೊಳಗೇ ಬೆಂದಳು, ಹೇಳಲು ಅವಳಿಗೆ ಮಾತಿಲ್ಲ, ಮಾತಿದ್ದ ನಾವಿಬ್ಬರು ಹೀಗೆ ಮಾಡಿದೆವು.

ಈಗ ಎರಡು ಕೆಲಸ. ಔಷಧ ನಿಲ್ಲಿಸಬೇಡಿ. ಈ ಪತ್ರ ಸಿಕ್ಕ ಮರುದಿನವೇ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿ. ಹುಲಿಗೆವ್ವನನ್ನು ಕರೆದುಕೊಂಡು ಹೋಗಿ, ಅವಳ ತೋಳು ತೋರಿಸಿ.

ಲಿಂಗ ಬಿದ್ದ ಮೇಲೆ ಏನಾಯಿತು?

ಶಾಲಿನಿ

---

ಖಡಕಿ ಬಜಾರ್
19 ನವೆಂಬರ್ 2024

ಚಿ. ಶಾಲಿನಿಗೆ,

ನಿನ್ನ ಅವ್ವನ ಮಾತ್ರೆ ನಿಲ್ಲಿಸಿದವನು ನಾನೇ. ರುದ್ರವ್ವ ಬಿದ್ದ ಹೊತ್ತಿನಲ್ಲಿ ಒಲೆಯ ಮೇಲೆ ಹಾಲಿತ್ತು. ಇಂದಿಗೂ ಹಾಲು ಉಕ್ಕುವ ವಾಸನೆ ಬಂದರೆ ನಾನು ಮನೆಯಲ್ಲಿ ನಿಲ್ಲುವುದಿಲ್ಲ. ನೀನು ಕಾಗದ ತೆಗೆದದ್ದು ತಪ್ಪು. ನನ್ನನ್ನು ನಂಬದೆ ಇದ್ದದ್ದು ತಪ್ಪಲ್ಲ.

ಹದಿನಾಲ್ಕನೇ ತಾರೀಖು ಹೋದೆವು. ಹುಲಿಗೆವ್ವ ಡಾಕ್ಟರ ಮುಂದೆ ಕುಪ್ಪಸದ ತೋಳು ಮಡಚಿ ತೋರಿಸಿ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಎಲ್ಲ ಒದರಿದಳು. ಡಾಕ್ಟರ್ ಮೇಡಂ ನನ್ನನ್ನು ನೋಡಿದರು. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ. “ಆಜೋಬಾ, ಆಧೀ ಸಾಂಗಾಯಚಂ ಹೋತಂ ನಾ,” ಮೊದಲೇ ಹೇಳಬೇಕಿತ್ತಲ್ಲ ಎಂದಷ್ಟೇ ಅಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಹೊಸ ಔಷಧ ಶುರುವಾಗಿದೆ. ಅದನ್ನು ಎರಡು ವಾರಕ್ಕೊಮ್ಮೆ ಒಂದಿಷ್ಟು ಏರಿಸಬೇಕು, ಹಳೆಯದನ್ನು ಒಂದಿಷ್ಟು ಇಳಿಸಬೇಕು. ಏಳೆಂಟು ವಾರದ ಕೆಲಸ. ಮೈಮೇಲೆ ಗುಳ್ಳೆ ಎದ್ದರೆ ಆ ಕ್ಷಣವೇ ಫೋನ್ ಮಾಡಬೇಕು. ನಡುವೆ ಫಿಟ್ಸ್ ಬರಬಹುದು, ಬಾರದೆಯೂ ಇರಬಹುದು. ಅತ್ತ ದರಿ ಇತ್ತ ಪುಲಿ. ನನಗೆ ಒಂದು ಕಡೆ ಕೂರಲಾಗುವುದಿಲ್ಲ. ಅವಳು ಮಲಗಿದರೆ ಉಸಿರು ನೋಡುತ್ತೇನೆ, ಎದ್ದರೆ ಮೈ ನೋಡುತ್ತೇನೆ, ನಡೆದರೆ ಹಿಂದೆ ನಡೆಯುತ್ತೇನೆ. “ಯಜ್ಜಾ, ನಿಮ್ಮನ್ನ ನೋಡಿನ ಕೂಸಿಗೆ ತಲಿ ತಿರಗತೈತಿ, ಕುಂದರ್ರಿ” ಅನ್ನುತ್ತಾಳೆ ಹುಲಿಗೆವ್ವ.

ರಿಜಿಸ್ಟರಿನಲ್ಲಿ ಡಾಕ್ಟರೇ ಅಳತೆಪಟ್ಟಿ ಇಟ್ಟು ನಾಲ್ಕನೆಯ ಕಾಲಂಗೆ ಗೆರೆ ಎಳೆದರು. ‘ಇತರೆ’ ಎಂದು ನಾನು ಕನ್ನಡದಲ್ಲಿ ಬರೆದುಕೊಂಡಿದ್ದೇನೆ.

ನಿನ್ನ ಅಪ್ಪ

---

ಸೇನಾ ಅಂಚೆಯ ಮೂಲಕ
11 ಡಿಸೆಂಬರ್ 2024

ಅಪ್ಪಾಜಿಯವರಿಗೆ ನಮಸ್ಕಾರಗಳು.

ರಜೆ ಫೆಬ್ರವರಿಗೆ ಸಿಕ್ಕಿದೆ. ಅಲ್ಲಿಯವರೆಗೆ ಹೇಗೆ ಕಳೆಯುತ್ತೇನೋ ಗೊತ್ತಿಲ್ಲ. ಡ್ಯೂಟಿಯಲ್ಲಿ ಯಾರದೋ ಚಾರ್ಟ್ ಬರೆಯುತ್ತಾ ನೀಲಾಳ ಹೆಸರು ಬರೆದುಬಿಟ್ಟೆ.

ನಾನು ಕೇಳಿದ ಪ್ರಶ್ನೆಗೆ ಈ ಸಲವೂ ಉತ್ತರವಿಲ್ಲ. ನಾನು ನಿಮಗೆ ಕಾಗದದ ವಿಷಯ ಹೇಳಿದೆ. ನೀವೂ ಹೇಳಿ. ನಾನು ಬೈಯುವುದಿಲ್ಲ ಎಂದು ಮಾತ್ರ ಮಾತು ಕೊಡಲಾರೆ.

ಶಾಲಿನಿ

---

ಖಡಕಿ ಬಜಾರ್
12 ಜನವರಿ 2025

ಚಿ. ಶಾಲಿನಿಗೆ ಅಪ್ಪನ ಆಶೀರ್ವಾದಗಳು.

ಮೊದಲು ರಿಜಿಸ್ಟರಿನ ವರದಿ. ಹಳೆಯ ಸಿರಪ್ ಪೂರ್ತಿ ನಿಂತು ಇವತ್ತಿಗೆ ಒಂಬತ್ತು ದಿನ. ಬದಲಾಯಿಸುವ ನಡುವೆ, ಡಿಸೆಂಬರ್ ಇಪ್ಪತ್ತೆಂಟಕ್ಕೆ ಫಿಟ್ಸ್ ಬಂತು, ಎರಡು ನಿಮಿಷ ಹತ್ತು ಸೆಕೆಂಡು. ಆಮೇಲೆ ಬಂದಿಲ್ಲ. ಗುಳ್ಳೆ ಏಳಲಿಲ್ಲ. ಹೊಸದಕ್ಕೆ ಹಸಿವು ಕಡಿಮೆಯಾಗಿದೆ, ಮಧ್ಯಾಹ್ನ ತೂಕಡಿಸುತ್ತಾಳೆ. ಅದನ್ನೂ ಬರೆದಿದ್ದೇನೆ, ಡಾಕ್ಟರಿಗೂ ಹೇಳಿದ್ದೇನೆ. ಕಚ್ಚುವುದು ಹತ್ತೊಂಬತ್ತು ದಿನದಿಂದ ಇಲ್ಲ. ಮೊನ್ನೆ ಹುಲಿಗೆವ್ವನ ಗಂಡನಿಗೆ ಸೀನು ಬಂದದ್ದಕ್ಕೆ ನಕ್ಕಳು. ಹೌದು, ನಕ್ಕಳು. ಆತ ಪಾಪ ಇನ್ನೂ ಮೂರು ಸಲ ಸುಳ್ಳು ಸೀನಿದ. ನೀನು ಸೆಪ್ಟೆಂಬರಿನಿಂದ ಕೇಳಿದ ಪ್ರಶ್ನೆಗೆ ಇದು ಉತ್ತರ.

ಇನ್ನೊಂದು ಪ್ರಶ್ನೆಯದು ಈಗ.

ಲಿಂಗ ಬಿದ್ದಿತು. ನಾನು ಅದನ್ನು ಎತ್ತಿಕೊಳ್ಳುವ ಮೊದಲು ಬಲಗೈಯಿಂದ ಅವಳ ಕೆನ್ನೆಗೆ ಹೊಡೆದೆ. ಎರಡು ಏಟು. ಮೊದಲನೆಯದು ನೋವಿಗೆ ಕೈ ತಾನಾಗಿ ಹೋಯಿತು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಎರಡನೆಯದಕ್ಕೆ ಹೇಳಿಕೊಳ್ಳಲು ಏನೂ ಸಿಗಲಿಲ್ಲ. ಅವಳು ಅಳಲಿಲ್ಲ. ಆ ಮೇಲೆ ಮತ್ತೆ ಹೊಡೆದಿಲ್ಲ, ಆದರೆ ಅದಕ್ಕಿಂತ ಕೆಟ್ಟದ್ದನ್ನು ಕಲಿತೆ. ಕಚ್ಚಲು ಬಂದಾಗ ಕೈ ಎತ್ತಿದರೆ ಸಾಕು, ನಿಲ್ಲುತ್ತಿದ್ದಳು. ಕೆಲಸ ಆಗುತ್ತಿತ್ತು. ಅಕ್ಟೋಬರ್ ಮುಗಿಯುವವರೆಗೂ ಹಾಗೇ ಮಾಡಿದೆ. ಔಷಧ ಕೊಟ್ಟವನು ನಾನು, ಏರಿಸಲು ಕಾರಣನಾದವನು ನಾನು, ಅದು ಅವಳಿಂದ ಮಾಡಿಸಿದ್ದಕ್ಕೆ ಅವಳ ಮೇಲೆ ಕೈ ಎತ್ತಿದವನೂ ನಾನು.

ಸಿಟ್ಟು ಇಳಿದ ಮೇಲೆ ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ. ಹೋದ ವಾರ ಸ್ನಾನವಾದ ಮೇಲೆ ಅವಳ ತಲೆ ಬಾಚಲು ಕೈ ಎತ್ತಿದೆ. ಅವಳು ಕಣ್ಣು ಬಿಗಿಯಾಗಿ ಮುಚ್ಚಿ, ಕುತ್ತಿಗೆ ಒಳಗೆ ಎಳೆದುಕೊಂಡು ನಿಂತಳು. ಓಡಲಿಲ್ಲ, ಕೂಗಲಿಲ್ಲ. ಬೀಳುವ ಏಟಿಗೆ ಕಾಯುತ್ತಾ ನಿಂತಳು. ಹಳೆಯ ಸಿರಪ್ ಅವಳ ಮೈಯಿಂದ ಹೋಗಿದೆ ಶಾಲಿನಿ. ಇದು ಹೋಗಿಲ್ಲ. ಇದು ಯಾವ ಡಬ್ಬಿಯ ಕಾಗದದಲ್ಲೂ ಇರಲಿಲ್ಲ.

ಅವಳ ಎದುರು ನೆಲಕ್ಕೆ ಕೂತು, “ನಂದು ತಪ್ಪಾತವ್ವಾ. ನಿಂದೇನೂ ತಪ್ಪಿರಲಿಲ್ಲ” ಅಂದೆ. ಅವಳು ಎಷ್ಟು ತಿಳಿದುಕೊಂಡಳೋ ಗೊತ್ತಿಲ್ಲ. ನನ್ನ ಅಂಗಿಯ ಗುಂಡಿ ನೋಡುತ್ತಿದ್ದಳು. ಮರುದಿನ ಡಾಕ್ಟರಿಗೆ ಫೋನ್ ಮಾಡಿ ಇದನ್ನೂ ಹೇಳಿದೆ. ನಿಮ್ಮ ಕೈ ಅವಳ ಕಣ್ಣಿಗೆ ಕಾಣುವಂತಿರಲಿ, ಮೇಲಿನಿಂದ ತರಬೇಡಿ, ಅವಳು ಬರುವವರೆಗೆ ಕಾಯಿರಿ, ದಿನ ಹಿಡಿಯುತ್ತದೆ ಅಂದರು.

ಫೆಬ್ರವರಿಯಲ್ಲಿ ನೀನು ಬಂದಾಗ ಬೇಕಾದ್ದು ಬೈ. ಅವಳನ್ನು ನನ್ನ ಹತ್ತಿರ ಬಿಡುವುದಿಲ್ಲ ಅಂದರೂ ನಾನು ಎದುರಾಡುವುದಿಲ್ಲ. ಆದರೆ ನಾಲ್ಕನೆಯ ಕಾಲಂ ಓದಿ ಆಮೇಲೆ ನಿರ್ಧಾರ ಮಾಡು. ‘ಕೈ ಕಂಡು ಕಣ್ಣು ಮುಚ್ಚಿದಳು’ ಎಂದು ದಿನವೂ ಲೆಕ್ಕ ಹಿಡಿದು ಬರೆಯುತ್ತಿದ್ದೇನೆ. ಭಾನುವಾರ ಆರು ಸಲ. ಗುರುವಾರ ನಾಲ್ಕು. ನಿನ್ನೆ ಮೂರು.

ಇವತ್ತಿನದು ಇನ್ನೂ ಬರೆದಿಲ್ಲ. ಸ್ನಾನ ಮಾಡಿಸಿ ಹುಲಿಗೆವ್ವ ಒಳಗೆ ಹೋಗಿದ್ದಾಳೆ. ನೀಲಾ ಒದ್ದೆ ಕೂದಲಿನಲ್ಲಿ ಬಾಗಿಲ ಹತ್ತಿರ ನಿಂತಿದ್ದಾಳೆ. ನಾನು ನೆಲದ ಮೇಲೆ ಕೂತು, ಎಡಗೈಯ ಬಾಚಣಿಗೆಯನ್ನು ಅವಳಿಗೆ ಕಾಣುವ ಹಾಗೆ ತೊಡೆಯ ಮೇಲಿಟ್ಟುಕೊಂಡು, ಬಲಗೈಯಲ್ಲಿ ಈ ಪತ್ರ ಬರೆಯುತ್ತಿದ್ದೇನೆ. ಅವಳಾಗಿ ಬಂದರೆ ಬಾಚುತ್ತೇನೆ. ಬಾರದಿದ್ದರೆ ಕೂದಲು ತಾನೇ ಒಣಗುತ್ತದೆ.

ನಿನ್ನ ಅಪ್ಪ,
ಸಿದ್ದಲಿಂಗಪ್ಪ